ಬಾಡಿಗೆಗೆ ಬಂದ ಅಕ್ಕ

ನಮ್ಮ ಪಡಸಾಲೆಯ ಗೋಡೆಯ ಮೇಲಿನ ಫೋಟೋದಲ್ಲಿ ನನ್ನ ಅಜ್ಜ ರುಮಾಲು ಸುತ್ತಿಕೊಂಡು, ಮೀಸೆ ತಿರುವಿಕೊಂಡು, ಯಾರ ಮೇಲೋ ಸಿಟ್ಟಾದವನ ಹಾಗೆ ಕೂತಿದ್ದ. ಬದುಕಿದ್ದಾಗ ಅವನಿಗೆ ಇದ್ದದ್ದು ನಾನೊಬ್ಬಳೇ ಮೊಮ್ಮಗಳು. ಸತ್ತ ಮೇಲೆ ಸುತ್ತಲಿನ ಹಳ್ಳಿಗಳ ಎಷ್ಟೋ ಹುಡುಗಿಯರಿಗೆ ಅಜ್ಜನಾದ. ಅದಕ್ಕೆ ಕಾರಣ ನಮ್ಮ ಅವ್ವನ ಸಂಸಾರದ ಚಿಂತೆ ಮತ್ತು ಆಯಿಯ ಹಟ. ಆಯಿ ಎಂದರೆ ಅಪ್ಪನ ತಾಯಿ.

ಎಪ್ಪತ್ತರ ದಶಕದ ಮಾತು. ಬಸವನ ಬಾಗೇವಾಡಿಯಲ್ಲಿ ಬಸ್ಸಿಳಿದರೆ ನಾಲ್ಕು ಹೆಜ್ಜೆಗೆ ನಮ್ಮ ಮನೆ. ಅಪ್ಪ ಮುದ್ದೇಬಿಹಾಳದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಬರುತ್ತಿದ್ದ. ಮನೆ ದೊಡ್ಡದು, ಪಗಾರ ಸಣ್ಣದು. ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದ ಕಾರಕೂನರಿಗೆ ವರ್ಗವಾದ ಮೇಲೆ ಬೇರೆ ಯಾರೂ ಬರಲಿಲ್ಲ. ಅವ್ವ ದಿನಾ ಆ ಖಾಲಿ ಖೋಲಿಗಳ ಕಸ ಹೊಡೆಯುತ್ತ ಗೊಣಗುತ್ತಿದ್ದಳು.

ಹೀಗಿರುವಾಗ ಒಂದು ಮಳೆಗಾಲ, ಅಪ್ಪನ ಪರಿಚಯದ ಹಳ್ಳಿಯವನೊಬ್ಬ ಬಂದು ಕಟ್ಟೆಯ ಮೇಲೆ ಕೂತ. ಅವನ ಮಗಳನ್ನು ನೋಡಲು ಹೊರಟ ಗಂಡಿನವರು ಎರೆಮಣ್ಣಿನ ರಾಡಿಯಲ್ಲಿ ಚಪ್ಪಲಿ ಕಳಕೊಂಡು ಅರ್ಧ ದಾರಿಯಿಂದಲೇ ತಿರುಗಿ ಹೋಗಿದ್ದರಂತೆ. "ಅರ್ಧಾ ದಿನ ನಿಮ್ಮ ಪಡಸಾಲಿ ಕೊಡ್ರಿ ಅಕ್ಕಾರ. ಬಸ್ಸಿಳಿದು ಬರ್ತಾರ, ನೋಡ್ತಾರ, ಹೋಗ್ತಾರ. ಪುಗಸಟ್ಟೆ ಕೇಳಾಕತ್ತಿಲ್ರಿ," ಅಂದ. ಆ ಹುಡುಗಿ ಒಪ್ಪಿಗೆಯಾದಳು. ನಮ್ಮ ಪಡಸಾಲೆಯ ಗುಣ ಛಲೋ ಐತಿ ಎಂದು ಸುದ್ದಿ ಹಬ್ಬಿತು. ಅಂದಿನಿಂದ ನಮ್ಮದು ಕನ್ಯೆ ತೋರಿಸುವ ಮನೆಯಾಯಿತು.

ಆಯಿ ಮೊದಲಿಗೆ ಮುಖ ಗಂಟು ಹಾಕಿದಳು. "ಬಾಡಿಗಿ ಇಸಗೊಂಡು, ಇದು ಹುಡುಗಿ ಮನಿ ಅಂತ ಮಂದಿ ಮುಂದ ಸುಳ್ಳ ಹೇಳೂದು ನನ್ನ ಕೈಲೆ ಆಗೂದಿಲ್ಲ," ಅಂದಳು. ಅವ್ವ ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ತಾನೇ ಒಂದು ದಾರಿ ಹುಡುಕಿದಳು. ಹುಡುಗಿ ಬಂದ ಕೂಡಲೇ ಮಣೆಯ ಮೇಲೆ ಕೂರಿಸಿ, ಅವ್ವನ ಕೈಯಿಂದ ಕುಂಕುಮ ಹಚ್ಚಿಸಿ, ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿಸುವಳು. ಮೇಲೆ ತಾನು, "ಇನ್ನ ನೀ ನಮ್ಮ ಮನಿ ಮಗಳು," ಎಂದು ತಲೆ ಮುಟ್ಟುವಳು. ಅಲ್ಲಿಗೆ ಸುಳ್ಳು ಸುಳ್ಳಾಗಿ ಉಳಿಯುತ್ತಿರಲಿಲ್ಲ. ಬಾಡಿಗೆಯನ್ನೂ ಆಕೆ ಕೈಯಿಂದ ಮುಟ್ಟಳು. ದೀಪದ ಪಕ್ಕದ ಮಾಡದಲ್ಲಿ, ಗೋಡೆಯ ಆ ಗೂಡಿನಲ್ಲಿ, ಇಟ್ಟು ಹೋಗಬೇಕು. "ಮಾಡಕ್ಕ ಬಂದದ್ದು ಖಣಕ್ಕ ಹೋತು. ಬಾಡಿಗಿ ಕೊಟ್ಟವರ್ಯಾರು, ತಗೊಂಡವರ್ಯಾರು?" ಎಂದು ಅವ್ವ ಹಣೆ ಹಣೆ ಬಡಕೊಳ್ಳುತ್ತಿದ್ದಳು.

ಹಾಗೆ ಬಂದವರಲ್ಲಿ ಒಬ್ಬಳು ಗೊಳಸಂಗಿಯ ಆಚೆಯವಳು. ತಾಯಿಯಿಲ್ಲದವಳು, ಅಪ್ಪ ಕೂಲಿ ಮಾಡುವವನು. ಎಣ್ಣೆಗಪ್ಪು ಬಣ್ಣ, ನಕ್ಕರೆ ಇಡೀ ಮನೆಗೆ ಕೇಳಬೇಕು. ಅವಳನ್ನು ನೋಡಲು ಇಂಡಿಯಿಂದ ಒಂದು ಮನೆತನ ಬಂತು. ಗಂಡಿನ ತಾಯಿ ಶಿರಾ ಎರಡೆರಡು ಸಲ ಹಾಕಿಸಿಕೊಂಡು, "ಹುಡುಗಿ ಕಪ್ಪ ಆದ್ಲು," ಎಂದು ಎದ್ದು ಹೋದಳು. ಆ ಹುಡುಗಿ ಅಳಲಿಲ್ಲ. ಅಡುಗೆಮನೆಗೆ ಬಂದು, "ಶಿರಾ ಉಳದೈತೇನು ತಂಗಿ, ಅಷ್ಟೂ ತಿಂದ ಹೋದ್ರೇನು?" ಎಂದು ಕೇಳಿದಳು. ಅಂದೇ ನನಗೆ ಅವಳು ಸೇರಿಬಿಟ್ಟಳು. ನನ್ನ ಒರಟು ಕೂದಲನ್ನು ಹಿಡಿತಕ್ಕೆ ತಂದು, ಐದೆಳೆಯ ಜಡೆ ಹೆಣೆದವಳು ಅವಳೊಬ್ಬಳೇ. ಮರುವರ್ಷ ನಮ್ಮ ಪಡಸಾಲೆಯಲ್ಲೇ ಮನಗೂಳಿಯ ಕಿರಾಣಿ ಅಂಗಡಿಯವನಿಗೆ ಒಪ್ಪಿಗೆಯಾದಳು. ಮದುವೆಯಾದ ಸ್ವಲ್ಪ ದಿನಕ್ಕೆ ಅವಳ ಅಪ್ಪನೂ ತೀರಿಕೊಂಡ. ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿಗೆ ಯಾರೂ ಕರೆಯದೆಯೇ ಟ್ರಂಕು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತು, "ಆಯಿ, ನೀವ ಅಂದಿದ್ರಿ, ಮನಿ ಮಗಳು ಅಂತ," ಅಂದಳು. ಆಯಿ ಉಂಡಿ ಕಟ್ಟಿಸಿದಳು, ತೊಲೆಗೆ ಜೋಕಾಲಿ ಹಾಕಿಸಿದಳು. ಆಮೇಲೆ ಅವಳ ಬಾಣಂತನವೂ ನಮ್ಮಲ್ಲೇ ಆಯಿತು. ಅವ್ವ ಗೊಣಗಿದ್ದೂ ಗೊಣಗಿದ್ದೇ, ಮಗುವಿಗೆ ಎಣ್ಣೆ ಹಚ್ಚಿ ಎರೆದದ್ದೂ ಎರೆದದ್ದೇ.

ಇಷ್ಟೆಲ್ಲ ಆಗಿ ನನ್ನ ಸರದಿ ಬಂತು. ಇಂಡಿಯ ಕಡೆಯ ಮಾಸ್ತರನೊಬ್ಬನ ಸಂಬಂಧ. ಮದುವೆಯಾದ ಮೇಲೆ ಹುಡುಗಿಯನ್ನು ಮಾಸ್ತರಿಕೆಯ ತರಬೇತಿಗೆ ಕಳಿಸುತ್ತೇವೆ ಎಂದು ಅವರೇ ಹೇಳಿ ಕಳಿಸಿದ್ದರು. ಮೆಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿರಲಿಲ್ಲ. ಗಂಡೂ ಚೆಲುವ. ನೋಡಲು ಬಂದ ದಿನ, ಎಲ್ಲರಿಗಿಂತ ಮುಂದೆ ಬರುತ್ತಿದ್ದ ಅವನನ್ನು ಅಡುಗೆಮನೆಯ ಕಿಟಕಿಯಿಂದ ಕಳ್ಳತನದಲ್ಲಿ ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಈ ಸಂಬಂಧ ಆಗಲೇಬೇಕೆಂದು ಮನಸ್ಸು ಹಟ ಹಿಡಿದು ಕೂತಿತ್ತು. ಅಂದು ನನ್ನ ಜಡೆ ಹೆಣೆಯಲು ಮನಗೂಳಿಯ ಅಕ್ಕ ಬೆಳಗಿನ ಬಸ್ಸಿಗೆ ಬರಬೇಕಾಗಿತ್ತು. ಬಸ್ಸು ಬರಲಿಲ್ಲ. ನಾನೇ ಹೇಗೋ ಹೆಣೆದುಕೊಂಡು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತೆ.

ಗಂಡಿನ ತಾಯಿಯನ್ನು ಕಂಡ ಕೂಡಲೇ ಗುರುತು ಹಿಡಿದೆ. ಶಿರಾ ಎರಡೆರಡು ಸಲ ಹಾಕಿಸಿಕೊಂಡವಳು ಅವಳೇ. ಆಗ ಬಂದದ್ದು ಹಿರಿಮಗನಿಗಂತೆ, ಈಗ ಕಿರಿಯವನಿಗೆ. ಅವಳಿಗೆ ನನ್ನ ನೆನಪಿರಲಿಲ್ಲ, ಮನೆಯ ನೆನಪೂ ಮಸುಕಾಗಿತ್ತು. ಆದರೆ ಗೋಡೆ ನೋಡಿದಳು.

"ಈ ಅಜ್ಜನ್ನ ನಾ ನೋಡೇನಿ," ಅಂದಳು. "ಮೊದಲೊಂದು ಹುಡುಗಿ ನೋಡಿದಾಗ ಆಕಿ ಅಜ್ಜ ಅಂದಿದ್ರಿ. ಈಗ ಇಕಿ ಅಜ್ಜ ಅಂತೀರಿ. ಖರೇ ಯಾರ ಅಜ್ಜರಿ ಇಂವ?"

ಅಪ್ಪ ತಡವರಿಸಿ, "ನಮ್ಮಪ್ಪರಿ," ಅಂದ. ನಂಬಿಕೆ ಬಾರದೇನೋ ಎಂದು ಒಳಗೋಡಿ ಅಜ್ಜನ ಹೆಸರಿದ್ದ ಮನೆಯ ಉತಾರ ತಂದು ಮುಂದೆ ಹಿಡಿದ. ಸ್ವಂತ ತಂದೆಗೆ ಕಾಗದ ತೋರಿಸುವ ಗತಿ ಬಂತಲ್ಲ ಎಂದು ನನಗೆ ನಗೆಯೂ ಬಂತು, ಸಿಟ್ಟೂ ಬಂತು.

"ಆತು, ಮನಿ ನಿಮ್ಮದ," ಅಂದಳು ಆಕೆ. "ಹಂಗಾರ ಆ ಹುಡುಗಿ ನಿಮಗ ಏನಾಗಬೇಕು? ಆಮ್ಯಾಲೆ ಗೊತ್ತಾತು, ಆಕಿ ಅಪ್ಪ ಮಂದಿ ಹೊಲದಾಗ ಕೂಲಿ ಮಾಡಾವ. ಅಂಥಾ ಬಳಗ ನಮಗ ಹೊಂದೂದಿಲ್ಲ. ಆಕಿ ನಿಮ್ಮಕಿ ಅಲ್ಲ ಅಂದ್ರ ಅನ್ರಿ, ಇವತ್ತ ಒಪ್ಪಿಗಿ ಕೊಟ್ಟು ಸಕ್ಕರಿ ಹಂಚಿ ಹೋಗ್ತೇವಿ."

ಆ ಹೊತ್ತಿಗೇ ಅಕ್ಕ ಬಾಗಿಲಿಗೆ ಬಂದಿದ್ದಳು. ಬಗಲಲ್ಲಿ ಕೂಸು, ಕೈಯಲ್ಲಿ ನನ್ನ ಜಡೆಗೆಂದು ತಂದ ಹೂವು. ಎಲ್ಲ ಮಾತು ಅವಳ ಕಿವಿಗೆ ಬಿದ್ದಿತ್ತು. ಗಂಡಿನ ತಾಯಿಯೂ ಅವಳನ್ನು ಗುರುತಿಸಿದಳು. ಅಕ್ಕ ನನ್ನ ಮುಖ ನೋಡಿದಳು. ನನಗೆ ಈ ಸಂಬಂಧ ಎಷ್ಟು ಬೇಕಾಗಿತ್ತೆಂದು ಅವಳಿಗೆ ಗೊತ್ತಿತ್ತು. ಹೂವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, "ನಾ ಅರ್ಧಾ ದಿನ ಬಾಡಿಗಿಗೆ ಬಂದಾಕಿರಿ," ಅಂದಳು. "ಇವರಿಗೂ ನನಗೂ ಏನೂ ಸಂಬಂಧ ಇಲ್ರಿ. ಹೊಳ್ಳಿ ಹೊಂಟೇನಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಯಿ ಮಾತ್ರ ಅವಳನ್ನೂ ನೋಡಲಿಲ್ಲ, ಗಂಡಿನ ತಾಯಿಯನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ತಲೆಯೆತ್ತಿ ಮಾಸ್ತರನನ್ನು ನೋಡಿದೆ. ಒಂದು ಮಾತಾದರೂ ಆಡಲಿ ದೇವರೇ ಎಂದು ಬೇಡಿಕೊಂಡೆ. ಅವನು ಶಿರಾದಲ್ಲಿನ ದ್ರಾಕ್ಷಿಯನ್ನು ಆರಿಸಿ ಆರಿಸಿ ತಿನ್ನುತ್ತಿದ್ದ.

ನೋಡಲು ಬಂದವರ ಮುಂದೆ ಕನ್ಯೆ ಮಾತಾಡುವ ರೂಢಿಯಿಲ್ಲ. ನಾನು ಮಾತಾಡಿದೆ. "ಅಕ್ಕಾ, ಕೂಸಿನ್ನ ಕರಕೊಂಡ ಒಳಗ ಬಾ. ಎಷ್ಟೊತ್ತ ಬಿಸಲಾಗ ನಿಂದ್ರತಿ?" ಅಂದೆ.

ಗಂಡಿನ ತಾಯಿ ತಾಟು ಸರಿಸಿ ಎದ್ದಳು. ಹೋಗುವ ಮುಂದೆ ಸೊಂಟದ ಚೀಲದಿಂದ ಒಂದು ನೋಟು ತೆಗೆದು ಆಯಿಯ ಮುಂದೆ ಹಿಡಿದು, "ತಗೋರಿ, ನಿಮ್ಮ ಪಡಸಾಲಿ ಬಾಡಿಗಿ," ಅಂದಳು.

"ಆ ಮಾಡದಾಗ ಇಡ್ರಿ," ಅಂದಳು ಆಯಿ, ಕೂತಲ್ಲಿಂದಲೇ. "ನಾವು ಕೈಯಾಗ ಇಸಗೊಳ್ಳೂದಿಲ್ಲ."

ಅವರು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಮನಸಾರೆ ಅತ್ತೆ. ಮಾಸ್ತರನಿಗಾಗಿ ಅಲ್ಲ, ಅಂಥ ದ್ರಾಕ್ಷಿ ತಿನ್ನುವವನಿಗೆ ಯಾರು ಅಳುತ್ತಾರೆ. ಆ ತರಬೇತಿಗಾಗಿ ಅತ್ತೆ. ಅಕ್ಕ ಹಿಂದೆ ಕೂತು, ನನ್ನ ಕೆಟ್ಟ ಜಡೆಯನ್ನು ಬಿಚ್ಚಿ, "ಹುಚ್ಚಿ, ಎಂಥಾ ಮನಿ ಕಳಕೊಂಡಿ," ಎನ್ನುತ್ತ ತಾನೂ ಅತ್ತಳು. ಅಳುತ್ತಲೇ ಐದೆಳೆ ಹೆಣೆದಳು. ಸಂಜೆಯ ಬಸ್ಸಿನ ಹೊತ್ತಿಗೆ ಆಯಿ ಮಾಡದಲ್ಲಿನ ನೋಟನ್ನು ಅವ್ವನ ಕೈಗೆ ಕೊಡಿಸಿ, ಪೇಟೆಯಿಂದ ಒಳ್ಳೆಯ ಖಣ ತರಿಸಿದಳು. ಅದರಿಂದಲೇ ಅಕ್ಕನ ಉಡಿ ತುಂಬಿ ಕಳಿಸಿದೆವು. ಅವ್ವ ಅಂದು ಮಾತ್ರ ಗೊಣಗಲಿಲ್ಲ.

ಮರುವರ್ಷ ಸಿಂದಗಿಯಿಂದ ಒಂದು ಮನೆತನ ಬಂತು. ಅಕ್ಕ ಬಸ್ಸನ್ನು ನಂಬದೆ ಹಿಂದಿನ ದಿನವೇ ಬಂದಿದ್ದಳು. ಗಂಡಿನವರು ಒಳಗೆ ಬಂದು ಚಾಪೆಯ ಮೇಲೆ ಕೂತರು. ಇನ್ನೂ ಯಾರೂ ಏನೂ ಕೇಳಿರಲಿಲ್ಲ. ಅವ್ವ ನೀರಿನ ತಂಬಿಗೆ ಹಿಡಿದು ಹೊರಟಿದ್ದವಳು ಆಯಿಯ ದನಿ ಕೇಳಿ ಅಲ್ಲೇ ನಿಂತಳು.

"ನೀರು ಕುಡಿಯೂಕಿಂತ ಮೊದಲ ಹೇಳ್ತೇನಿ, ಕೇಳ್ರಿ," ಅಂದಳು ಆಯಿ, ಅಕ್ಕನ ಕೈ ಹಿಡಿದು ಮುಂದೆ ಎಳೆದು. "ಇಕಿ ನಮ್ಮ ಹಿರೇ ಮೊಮ್ಮಗಳು. ಇಕೀನ ನೋಡಿ ಕೂಡ್ರೂ ಹಂಗಿದ್ರ ಕೂಡ್ರಿ. ಸಣ್ಣಾಕಿನ್ನ ಆಮ್ಯಾಲೆ ಕರಿತೇನಿ."

ಅವರು ಕೂತೇ ಇದ್ದರು.