ಹೆಸರು ಹೇಳುವ ಸರದಿ

ಮದುವೆ ಹಿಮಾಯತ್‌ನಗರದ ಒಂದು ಛತ್ರದಲ್ಲಿತ್ತು. ಮದುಮಗಳ ಅಕ್ಕ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವಳು. ಆ ತೆಲುಗು ಊರಿನಲ್ಲಿ ಎರಡು ವರ್ಷ ನಾವು ಹಿಂದಿಯಲ್ಲೇ ಮಾತಾಡಿಕೊಂಡಿದ್ದೆವು. ಅವರ ಮನೆಮಾತು ಕನ್ನಡವೆಂದು ನನಗೆ ತಿಳಿದದ್ದು ಅಂದು, ಛತ್ರದ ಬಾಗಿಲಲ್ಲಿ ಅವಳ ತಾಯಿ ‘ಬರ್ರಿ’ ಎಂದಾಗ.

ಊಟವಾದ ಮೇಲೆ ಹೆಂಗಸರು ಜಮಖಾನೆಯ ಮೇಲೆ ಸುತ್ತ ಕೂತರು. ಕುಂಕುಮ ಹಚ್ಚಿಸಿಕೊಳ್ಳುವ ಮೊದಲು ಪ್ರತಿಯೊಬ್ಬಳೂ ಪ್ರಾಸದ ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಬೇಕು. ಕುಂಕುಮದ ಬಟ್ಟಲು ಹಿಡಿದಿದ್ದ, ಮದುಮಗಳ ಸೋದರತ್ತೆಯ ಸೀರೆ ಹಸಿರು ಎಂದು ಇಲ್ಲಿ ಮೊದಲು ಬರೆದಿದ್ದೆ. ಹೊಡೆದು ಹಾಕಿದೆ. ಹಸಿರು ಸೀರೆ ನನ್ನ ಮದುವೆಯದು. ನೆನಪು ಅದನ್ನು ಕಂಡವರಿಗೆಲ್ಲ ಉಡಿಸುತ್ತದೆ.

ಒಬ್ಬಳು ಗಂಡನ ಹೆಸರಿಗೆ ಬಿರಿಯಾನಿಯ ಪ್ರಾಸ ಕೂಡಿಸಿ ಎಲ್ಲರನ್ನೂ ನಗಿಸಿದಳು. ಬಟ್ಟಲು ಹತ್ತಿರ ಬರುತ್ತಿತ್ತು. ನನ್ನ ಹಣೆಯಲ್ಲಿ ಟಿಕಲಿ ಇತ್ತು. ಗಂಡ ತೀರಿಹೋಗಿ ಮೂರು ವರ್ಷವಾಗಿದೆ ಎಂದು ಅಲ್ಲಿ ಯಾರಿಗೂ, ಪಕ್ಕದ ಮೇಜಿನವಳಿಗೂ, ಗೊತ್ತಿರಲಿಲ್ಲ. ಅವರ ಹೆಸರನ್ನು ನಾನು ಅರ್ಜಿಗಳಲ್ಲಿ ಬರೆಯುತ್ತಿದ್ದೆ, ಅಷ್ಟೇ. ನಾರಾಯಣಗೂಡದ ಹಾಸ್ಟೆಲ್ ಕೋಣೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ಯಾರಿದ್ದರು? ಎದ್ದು ಹೋಗಬಹುದಿತ್ತು. ಹೇಳುವ ಆಸೆಗೆ ಕೂತೇ ಇದ್ದೆ.

“ಹೇಳ್ರಿ ತಂಗಿ,” ಎಂದಳು ಸೋದರತ್ತೆ, “ಇಲ್ಲೇನು ನಿಮ್ಮತ್ತಿ ಕೂತಾರೇನು, ಹಿಂಗ ನಾಚಾಕತ್ತೀರಿ?”

ನನ್ನ ಮದುವೆಯಲ್ಲಿ ಹೇಳಿದ್ದೇ ಬಾಯಿಗೆ ಬಂತು.

“ಗಡಿಗ್ಯಾಗ ತುಂಬೀನಿ ತಣ್ಣನ ನೀರು,” ಎಂದೆ. ಆಮೇಲೆ ಅವರ ಹೆಸರು. ಆಮೇಲೆ, “ಇರೂವಲ್ಲೇ ನನ್ನ ಊರು.”

ಭಾಳ ಛಂದ ಎಂದರು ಯಾರೋ. ಹಣೆಗೆ ಕುಂಕುಮ ಬಿತ್ತು. ಬಟ್ಟಲು ಮುಂದೆ ಹೋಯಿತು.

ಹಿಂದೆ ಗೋಡೆಗೆ ಒತ್ತಿದ ಕುರ್ಚಿಯಲ್ಲಿ ಮದುಮಗಳ ಅಜ್ಜಿ ಕೂತಿದ್ದರು, ಬರಿಯ ಹಣೆ. ಅವರು ಬಗ್ಗಿ ನನ್ನ ಮಣಿಕಟ್ಟು ಹಿಡಿದರು. ಅವರಿಗೆ ಹೇಗೆ ತಿಳಿಯಿತೋ. ನನ್ನ ದನಿ ನಡುಗಿತೆಂದು ಬರೆಯುವುದು ಸುಲಭ. ನಡುಗಿದ್ದು ನನಗೆ ನೆನಪಿಲ್ಲ.

“ಎಷ್ಟು ವರ್ಸ ಆತವಾ?”

ಮೂರು ಎಂದೆ. ಬೈಯುತ್ತಾರೆಂದು ಕಾದೆ. ಮುತ್ತೈದೆಯರ ಸಾಲಿನಲ್ಲಿ ಕೂತು ಕುಂಕುಮ ಹಚ್ಚಿಸಿಕೊಂಡಿದ್ದೆ, ಅದೂ ಅವರ ಮೊಮ್ಮಗಳ ಮದುವೆಯಲ್ಲಿ. ಅವರು ಸುತ್ತ ಕೂತ ಹೆಂಗಸರ ಕಡೆ ನೋಡುತ್ತಿದ್ದರು.

“ನಂಗೂ ಒಂದು ಒಡಪು ಬರತೈತಿ. ನಲವತ್ತು ವರ್ಸ ಆತು, ಹೇಳಂತ ಯಾರೂ ಅಂದಿಲ್ಲ.”

“ಹೇಳ್ರಿ, ಆಯಿ.”

ಬಾಯನ್ನು ನನ್ನ ಕಿವಿಗೆ ತಂದು ಹೇಳಿದರು. ಎಲೆಅಡಿಕೆಯ ವಾಸನೆ, ಬಿಸಿ ಉಸಿರು. ಆ ಒಡಪು ಈಗ ನನ್ನ ಬಳಿ ಇಲ್ಲ. ನೆನೆಸಿಕೊಳ್ಳಲು ಕೂತಾಗಲೆಲ್ಲ ನನ್ನದೇ ಗಡಿಗೆ ಅಡ್ಡ ಬರುತ್ತದೆ. ಅವರ ಗಂಡನ ಹೆಸರು ಮಾತ್ರ ಉಳಿದಿದೆ. ಅದು ನನ್ನ ಕಿವಿಗೆ ಹೇಳಿದ್ದು, ಇಲ್ಲಿ ಬರೆಯುವುದಿಲ್ಲ.

ಮಣಿಕಟ್ಟು ಬಿಡದೆ ಕೇಳಿದರು, “ನಿಂದು ಇನ್ನೊಮ್ಮೆ ಹೇಳವಾ.”

ಈ ಸಲ ನೀರಿಲ್ಲ, ಊರಿಲ್ಲ. ಬರೀ ಹೆಸರು ಹೇಳಿದೆ.