ಐದನೆಯ ಸಲದ ಹಾಲು

ಈಜಿಪ್ಟಿನ ದಮನ್‌ಹೂರ್‌ನ ಅನಾಥಾಲಯಕ್ಕೆ ಇನ್ನೂ ಬೆಳಕು ಬಿದ್ದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಬಹೀಗಾ ಆಗಲೇ ಹದಿನೇಳು ಮಕ್ಕಳ ಮುಖ ತೊಳೆದು, ಹದಿನಾರು ಮಕ್ಕಳಿಗೆ ಫೂಲ್ ಕಾಳು, ರೊಟ್ಟಿ ಬಡಿಸಿದ್ದಾರೆ. ಹದಿನೇಳನೆಯವಳು ರೀಹಾನ್. ಅವಳು ತಟ್ಟೆಗೆ ಕೈಹಾಕಿದರೆ ಗದರುತ್ತಾರೆ: "ಏ ಹೊಟ್ಟೆಬಾಕಿ, ಇವತ್ತು ನಿನ್ನ ಊಟ ತಾಂತಾದಲ್ಲಿ!"

ಮಗುವಿಗೆ ಹಸಿವಾಗಲೇಬೇಕು. ತಾಂತಾ ಊರಿನ ಬಡಗಿ ಶೌಕತ್ ಮತ್ತು ಅವನ ಹೆಂಡತಿ ಇಂತಿಸಾರ್ ಅವಳನ್ನು ಸಾಕಲು ಮುಂದೆ ಬಂದಿದ್ದಾರೆ. ಕಚೇರಿಯ ಒಪ್ಪಿಗೆ ಸಿಕ್ಕಿದೆ, ಬಹೀಗಾರದು ಬಾಕಿ. ಶೌಕತ್‌ನ ತಂಗಿ ಕರೀಮಾ ಬಾಣಂತಿ. ಇಸ್ಲಾಮಿನ ನಿಯಮದಂತೆ, ಮಗು ಎರಡು ವರ್ಷ ತುಂಬುವುದರೊಳಗೆ ಅವಳ ಹಾಲನ್ನು ಐದು ಸಲ ಹೊಟ್ಟೆತುಂಬ ಕುಡಿದರೆ ಶೌಕತ್ ಮಗುವಿಗೆ ಹಾಲಿನ ಸೋದರಮಾವ. ಈ ನಾಡಿನಲ್ಲಿ ಸೋದರಮಾವನೆಂದರೆ ತಂದೆಯಿದ್ದಂತೆ, ಅವನೊಡನೆ ಮದುವೆ ನಿಷಿದ್ಧ. ಇಲ್ಲದಿದ್ದರೆ ಬೆಳೆದ ಹುಡುಗಿ ಅದೇ ಮನೆಯಲ್ಲಿ ಪರಕೀಯಳು, ಅವನೊಡನೆ ಒಂದೇ ಸೂರಿನಡಿ ಇರುವಂತಿಲ್ಲ.

ನಾಲ್ಕು ಸಲ ಆಗಿದೆ. ಐದನೆಯದಕ್ಕೆ ಇನ್ನೂ ಮೂರು ವಾರವಿದೆಯೆಂದು ಮನೆಯವರು ಆರಾಮವಾಗಿದ್ದರು. "ಗೋಡೆ ಕ್ಯಾಲೆಂಡರ್ ನಂಬ್ಕೊಂಡು ಕೂತಿದ್ರು, ಪುಣ್ಯಾತ್ಮರು! ಚಂದ್ರನ ಲೆಕ್ಕದಲ್ಲಿ ನಾಳೆ ಸಂಜೆಗೇ ಎರಡು ವರ್ಷ ತುಂಬುತ್ತೆ," ಎನ್ನುತ್ತಾರೆ ಬಹೀಗಾ.

ಈ ತಪ್ಪು ಅವರಿಗೆ ಚೆನ್ನಾಗಿ ಗೊತ್ತು. ಮೂವತ್ತೊಂದು ವರ್ಷದ ಕೆಲಸದಲ್ಲಿ ಅರವತ್ತನಾಲ್ಕು ಮಕ್ಕಳನ್ನು ಮನೆ ಸೇರಿಸಿದ್ದಾರೆ. ಒಬ್ಬಳ ವಿಷಯದಲ್ಲಿ ತಾವೇ ಲೆಕ್ಕ ತಪ್ಪಿದ್ದರು. ಹಾಲಿನ ನಂಟಿಲ್ಲದೆ ಹನ್ನೊಂದು ವರ್ಷಕ್ಕೆ ಬೆಳೆದ ಮೈಸಾಳನ್ನು ಊರವರ ಬಾಯಿಗೆ ಹೆದರಿದ ಮನೆಯವರು ಪೆಟ್ಟಿಗೆ ಸಮೇತ ವಾಪಸು ತಂದುಬಿಟ್ಟರು. "ಹುಡುಗಿ ಅಳ್ಲಿಲ್ಲ. 'ಚಿಕ್ಕಮ್ಮಾ, ನನ್ನ ಮಂಚ ಯಾವುದು?' ಅಂದ್ಲು ಅಷ್ಟೇ." ಹೇಳುತ್ತಾ ಅವರು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ತಾಂತಾದಲ್ಲಿ ರೀಹಾನ್ ಹಟ ಹಿಡಿಯುತ್ತಾಳೆ. ಕರೀಮಾಗೂ ಅಳುಕು: "ಹಲ್ಲು ಬಂದೋಳು, ಹೋದ್ಸಲ ಕಚ್ಚಿದ್ಳು ಚಿಕ್ಕಮ್ಮಾ."

"ಲೋಟಕ್ಕೆ ಹಿಂಡು ತಾಯಿ. ನಡೆಯುತ್ತೆ ಅಂತ ಮಸೀದಿಯ ಶೇಖ್ ಗುರುಗಳನ್ನ ಕೇಳ್ಕೊಂಡೇ ಬಂದಿದ್ದೀನಿ."

ಮೊದಲ ಗುಟುಕನ್ನು ಮಗು ಉಗಿಯುತ್ತದೆ. ಇಂತಿಸಾರ್ ಬೆರಳು ಕಚ್ಚಿಕೊಳ್ಳುತ್ತಾಳೆ. ಬಹೀಗಾ ಒತ್ತಾಯಿಸುವುದಿಲ್ಲ, ಲೋಟವನ್ನು ನೆಲದ ಮೇಲಿಟ್ಟು, ಆ ಕಡೆ ನೋಡದೆ ಸಾಕ್ಷಿಗೆಂದು ಬಂದ ಪಕ್ಕದ ಮನೆಯ ಹೆಂಗಸರೊಡನೆ ಈರುಳ್ಳಿ ಬೆಲೆ ಮಾತಾಡುತ್ತಾರೆ. ಮೂವತ್ತೊಂದು ವರ್ಷ ಕಲಿಸಿದ ಈ ತಾಳ್ಮೆಯ ಮುಂದೆ ಬೆರಗಾಗದೆ ಇರಲಾಗದು. ಸ್ವಲ್ಪ ಹೊತ್ತಿಗೆ ರೀಹಾನ್ ತಾನೇ ಬಂದು, ಎರಡೂ ಕೈಯಲ್ಲಿ ಲೋಟವೆತ್ತಿ ಬರಿದು ಮಾಡುತ್ತಾಳೆ. ಆ ಇಬ್ಬರು ಹೆಂಗಸರು ಸಾಕ್ಷಿ ಹಾಕುತ್ತಾರೆ.

ಬಾಗಿಲಾಚೆ ನಿಂತಿದ್ದ ಶೌಕತ್ ಇಣುಕುತ್ತಾನೆ. "ಈಗ ನಾನು ಇವಳ ಮಾವನಾ?"

"ಹೌದಪ್ಪ. ಇನ್ನು ಬಿಡಿಸ್ಕೊಳ್ಳೋಕೆ ನಿನ್ನಪ್ಪನಿಂದಲೂ ಆಗಲ್ಲ. ಆದ್ರೆ ಅವಳ ಹೆಸರು ಬದಲಾಯಿಸ್ಬೇಡ, ಎಲ್ಲಿಂದ ಬಂದ್ಲು ಅನ್ನೋದನ್ನ ಮುಚ್ಚಿಡ್ಬೇಡ. ಅದು ಅವಳ ಹಕ್ಕು."

ಶೌಕತ್ ಒಳಬಂದು ಮಗುವನ್ನೆತ್ತಿಕೊಳ್ಳುತ್ತಾನೆ.

ಹಿಂತಿರುಗುವ ರೈಲಿನಲ್ಲಿ ಬಹೀಗಾರ ಮಡಿಲು ಖಾಲಿ. ಕಣ್ಣು ತುಂಬಿದೆ, ಮುಖದ ತುಂಬ ನಗು. "ಎರಡು ವರ್ಷ ಎತ್ತಾಡಿಸಿದ್ದೀನಿ. ಹೊರಟು ನಿಂತ್ರೆ ಅವನ ಹೆಗಲಿಂದ ತಿರುಗಿ ಸಹ ನೋಡ್ಲಿಲ್ಲ ನೋಡಿ, ಆ ಕಳ್ಳಿ!"