ಖಾರವಿಲ್ಲದ ಸಾರು

ಎಪ್ಪತ್ತರ ದಶಕದಲ್ಲಿ ನನ್ನ ಅತ್ತೆಯ ಒಸಡು ಸುಲಿದು ರಕ್ತ ಒಸರುತ್ತಿದ್ದುದು ಮೊದಮೊದಲು ನಮಗೆ ತಿಳಿಯಲೇ ಇಲ್ಲ. ಮಳವಳ್ಳಿ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ; ಹಾಗಾಗಿ ಊಟದಲ್ಲಿ ಅವರ ನೋವು ಗೊತ್ತಾಗಲಿಲ್ಲ. ಅವರು ಎಲೆಯಡಿಕೆ ಬಿಟ್ಟಾಗಲೇ ಅನುಮಾನ ಬಂದದ್ದು. ಕೊಳೆ ಇರಬೇಕೆಂದು ಇದ್ದಿಲಿನಿಂದ ಹಲ್ಲನ್ನು ಇನ್ನೂ ಜೋರಾಗಿ ಉಜ್ಜುತ್ತಿದ್ದರಂತೆ.

ಮಂಡ್ಯದ ಡಾಕ್ಟರು, ಇದು ಮೈಯೇ ತನ್ನ ಒಸಡಿನ ಮೇಲೆ ತಿರುಗಿಬಿದ್ದ ಕಾಯಿಲೆ, ಪೂರ್ತಿ ಹೋಗುವುದಿಲ್ಲ ಎಂದರು. ಇದ್ದಿಲು, ಖಾರ ಎರಡೂ ಬೇಡ. ಮಕ್ಕಳ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಬೇಕು, ಉಂಡ ಮೇಲೆ ಉಪ್ಪುನೀರು ಮುಕ್ಕಳಿಸಬೇಕು.

“ಮಗೀನ ಬ್ರಷ್ಷು ನಂಗ್ಯಾಕಮ್ಮ?” ಎಂದು ಗೊಣಗಿದರೂ ಅತ್ತೆ ತಪ್ಪದೆ ಮಾಡಿದರು. ನನ್ನ ಸಪ್ಪೆ ಸಾರನ್ನೂ ತುಟಿಪಿಟಕ್ಕೆನ್ನದೆ ಉಂಡರು.

ಒಂದು ಮಧ್ಯಾಹ್ನ ತಟ್ಟೆ ತಳ್ಳಿದರು. “ಇದೇನ್ ಸಾರಮ್ಮ, ನೀರ್ ಕುಡ್ದಂಗದೆ!”

ಸಪ್ಪೆಯೆಂದು ಬೈಯುವಷ್ಟು ನೋವು ಇಳಿದಿತ್ತು. ಮದುವೆಯಾಗಿ ಬಂದ ಮೇಲೆ ನನಗೆ ಸಿಟ್ಟು ಬರಿಸದ ಅವರ ಬೈಗುಳ ಅದೊಂದೇ.